ರಾಜಾಜಿನಗರದಿಂದ ಮಲ್ಲೇಶ್ವರ ಎಷ್ಟು ದೂರ? ವೆಲ್ಲೂರಿನಷ್ಟೇ!

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹೆಡ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರು, ಮಾಗಡಿ ರೋಡ್ ಸಿಗ್ನಲ್‌ನಲ್ಲಿ ಸಿಕ್ಕಿ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ದೂರ. ಕಿಲೋಮೀಟರ್ ಲೆಕ್ಕದ ದೂರ ಅಲ್ಲ, ನಮ್ಮ ವಿಳಾಸದ ಕೋಡ್‌ಗಳ ಒಳಗೆ ಅಡಗಿ ಕೂತಿರೋ ಇನ್ನೊಂದು ಥರದ ದೂರ. ಗಣಿತದಲ್ಲಿ ಇದಕ್ಕೆ ಅಲ್ಟ್ರಾಮೆಟ್ರಿಕ್ ಅಂತಾರೆ. ಹೆಸರು ಕೇಳಿ ಸಂಚಿಕೆ ಬದಲಾಯಿಸಬೇಡಿ. ಬೇಕಾಗಿರೋದು ಎರಡು ಸಂಖ್ಯೆಯಲ್ಲಿ ಯಾವುದು ದೊಡ್ಡದು ಅಂತ ಹೇಳೋ ಶಕ್ತಿ, ಅಷ್ಟೇ.

ಮೊದಲು ಪಿನ್ ಕೋಡ್

ನಮ್ಮ ದೇಶಕ್ಕೆ ಆರು ಅಂಕಿಯ ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ರಂದು. ಎಡದಿಂದ ಓದಿದ್ರೆ ಅದು ಒಂದು ಮರ ಇದ್ದ ಹಾಗೆ. ಮೊದಲ ಅಂಕಿ ದೇಶದ ಒಂದು ದೊಡ್ಡ ಭಾಗ, ಆಮೇಲೆ ಅದರ ಕೊಂಬೆ, ಮೊದಲ ಮೂರು ಅಂಕಿ ಸೇರಿದ್ರೆ ಒಂದು ವಿಂಗಡಣಾ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ರಾಜಾಜಿನಗರ 560010. ವಿಜಯನಗರ 560040. ಬಸವೇಶ್ವರನಗರ 560079. ಕೆಂಗೇರಿ 560060.

ಈಗ ಒಂದು ತಮಾಷೆ ನೋಡಿ. ವೈಟ್‌ಫೀಲ್ಡ್ ಪಿನ್ 560066. ಕೆಂಗೇರಿಗೂ ವೈಟ್‌ಫೀಲ್ಡ್‌ಗೂ ಕೊನೆಯ ಒಂದೇ ಅಂಕಿ ವ್ಯತ್ಯಾಸ. ಒಂದು ಊರಿನ ಪಶ್ಚಿಮದ ತುದಿ, ಇನ್ನೊಂದು ಪೂರ್ವದ ತುದಿ. ನಡುವೆ ಇಡೀ ಬೆಂಗಳೂರು ಇದೆ. ಅದೇ ಮೈಸೂರು ರಸ್ತೆಯಲ್ಲಿ ಕೆಂಗೇರಿ ಆದ್ಮೇಲೆ ಸಿಗೋ ಬಿಡದಿ? 562109. ಮೂರನೇ ಅಂಕಿಯಲ್ಲೇ ಬೇರೆ ಆಯ್ತು. ಪಿನ್ ಮರದ ಪ್ರಕಾರ ಕೆಂಗೇರಿಯವರಿಗೆ ವೈಟ್‌ಫೀಲ್ಡ್ ಪಕ್ಕದ ಮನೆ, ಬಿಡದಿ ಪರಊರು.

ಪಿನ್ ಕೋಡ್ ಆದ್ರೆ ಪರವಾಗಿಲ್ಲ, ಅದು ಪತ್ರ ವಿಂಗಡಿಸೋಕೆ ಮಾಡಿದ್ದು, ಕೊನೆಯ ಅಂಕಿಗಳು ನಕ್ಷೆ ನೋಡಿ ಸಾಲಾಗಿ ಕೊಟ್ಟಿದ್ದಲ್ಲ ಅನ್ನಬಹುದು. ಸರಿ. ಹಾಗಾದ್ರೆ ನಕ್ಷೆ ನೋಡಿಯೇ ಮಾಡಿದ ಕೋಡ್ ತಗೊಳ್ಳೋಣ.

ಡಿಜಿಪಿನ್: ನಾಲ್ಕು ಮೀಟರ್‌ನ ಚೌಕ

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಬಿಡುಗಡೆ ಮಾಡಿತು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೊತೆ ಸೇರಿ ಮಾಡಿದ್ದು. ಹತ್ತು ಅಕ್ಷರ. 2ರಿಂದ 9ರವರೆಗಿನ ಅಂಕಿಗಳು, ಜೊತೆಗೆ ಸಿ, ಜೆ, ಕೆ, ಎಲ್, ಎಂ, ಪಿ, ಎಫ್, ಟಿ. ಒಟ್ಟು 16 ಚಿಹ್ನೆ.

ಇದರ ಕೆಲಸ ಹೀಗೆ. ಭಾರತವನ್ನು ಪೂರ್ತಿ ಮುಚ್ಚೋ ಒಂದು ದೊಡ್ಡ ಚೌಕ: ಅಕ್ಷಾಂಶ 2.5ರಿಂದ 38.5, ರೇಖಾಂಶ 63.5ರಿಂದ 99.5. ಎರಡೂ ಕಡೆ 36 ಡಿಗ್ರಿ. ಅದನ್ನ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಭಾಗ ಮಾಡಿ. 16 ಚೌಕ ಬಂತು. ನೀವಿರೋ ಚೌಕದ ಚಿಹ್ನೆಯೇ ಮೊದಲ ಅಕ್ಷರ. ಆ ಚೌಕವನ್ನ ಮತ್ತೆ 16 ಮಾಡಿ, ಎರಡನೇ ಅಕ್ಷರ. ಹೀಗೆ ಹತ್ತು ಸಲ. ಮೊದಲ ಚೌಕ ಸುಮಾರು 1000 ಕಿಲೋಮೀಟರ್, ಎರಡನೆಯದು 250, ಮೂರನೆಯದು 60 ಚಿಲ್ಲರೆ, ಹತ್ತನೆಯದು ಸುಮಾರು 4 ಮೀಟರ್. ನಿಮ್ಮ ಮನೆ ಬಾಗಿಲಿಗೇ ಒಂದು ಕೋಡ್.

ಈಗ ಬೆಂಗಳೂರಿನ ಲೆಕ್ಕ ಹಾಕೋಣ. ಮೊದಲ ಎರಡು ಅಕ್ಷರ ಇಡೀ ಊರಿಗೆ ಒಂದೇ: 4ಪಿ. ಮೂರನೇ ಅಕ್ಷರಕ್ಕೆ ಬಂದಾಗ ಗೆರೆ ಎಲ್ಲೆಲ್ಲಿ ಬೀಳುತ್ತೆ? 63.5ಕ್ಕೆ 9 ಸೇರಿಸಿ, 72.5. ಅದಕ್ಕೆ ಎರಡು ಸಲ 2.25 ಸೇರಿಸಿ, 77. ಅದಕ್ಕೆ 0.5625 ಸೇರಿಸಿ, 77.5625. ಈ ರೇಖಾಂಶ ಎಲ್ಲಿ ಹೋಗುತ್ತೆ ಗೊತ್ತಾ? ರಾಜಾಜಿನಗರಕ್ಕೂ ಮಲ್ಲೇಶ್ವರಕ್ಕೂ ನಡುವೆ, ಶ್ರೀರಾಮಪುರದ ಹತ್ತಿರ. ಹಸಿರು ಮಾರ್ಗದ ಮೆಟ್ರೋದಲ್ಲಿ ಮಹಾಕವಿ ಕುವೆಂಪು ರಸ್ತೆ ನಿಲ್ದಾಣ ಬಿಟ್ಟು ಮಂತ್ರಿ ಸ್ಕ್ವೇರ್ ತಲುಪೋದ್ರೊಳಗೆ ನೀವು ಆ ಗೆರೆ ದಾಟಿರ್ತೀರ.

ಗೆರೆಯ ಪಶ್ಚಿಮಕ್ಕೆ 4ಪಿಜೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ನಾಲ್ಕೂ ಇದರೊಳಗೆ. ಜೊತೆಗೆ ಮಾಗಡಿ, ಬಿಡದಿ, ರಾಮನಗರ, ಚನ್ನಪಟ್ಟಣ, ಆ ಕಡೆ ಕುಣಿಗಲ್ ಕೂಡ. ಗೆರೆಯ ಪೂರ್ವಕ್ಕೆ 4ಪಿ3. ಮಲ್ಲೇಶ್ವರ, ಮೆಜೆಸ್ಟಿಕ್, ವೈಟ್‌ಫೀಲ್ಡ್, ಹೊಸೂರು ಇದರೊಳಗೆ.

ಅಂದ್ರೆ ರಾಜಾಜಿನಗರಕ್ಕೂ ಚನ್ನಪಟ್ಟಣಕ್ಕೂ ಮೂರು ಅಕ್ಷರ ಹೊಂದುತ್ತೆ. ರಾಜಾಜಿನಗರಕ್ಕೂ ಮಲ್ಲೇಶ್ವರಕ್ಕೂ ಎರಡೇ. ರಾಜಾಜಿನಗರಕ್ಕೂ ತಮಿಳುನಾಡಿನ ವೆಲ್ಲೂರಿಗೂ? ಅದೂ ಎರಡು. ಕೋಡ್‌ನ ಕಣ್ಣಲ್ಲಿ ಮಲ್ಲೇಶ್ವರ, ವೆಲ್ಲೂರು ಎರಡೂ ಒಂದೇ ದೂರ.

ಇನ್ನೊಂದು ಗಮನಿಸಿದ್ರಾ? ಪಿನ್ ಮರದಲ್ಲಿ ಕೆಂಗೇರಿಗೆ ವೈಟ್‌ಫೀಲ್ಡ್ ಹತ್ತಿರ, ಬಿಡದಿ ದೂರ. ಡಿಜಿಪಿನ್ ಮರದಲ್ಲಿ ಬಿಡದಿ ಹತ್ತಿರ, ವೈಟ್‌ಫೀಲ್ಡ್ ದೂರ. ಊರುಗಳು ಅವೇ. ಮರ ಬೇರೆ, ಅಷ್ಟೇ.

ಹನಿ ಹನಿ ಕೂಡಿದ್ರೂ ಹಳ್ಳ ಆಗದ ಲೋಕ

ಈ ದೂರಕ್ಕೆ ಒಂದು ಸಂಖ್ಯೆ ಕೊಡೋಣ. ಮೊದಲ ಅಕ್ಷರವೇ ಬೇರೆ ಆದ್ರೆ ದೂರ 1. ಒಂದು ಅಕ್ಷರ ಹೊಂದಿ ಆಮೇಲೆ ಬೇರೆ ಆದ್ರೆ 0.1. ಎರಡು ಹೊಂದಿದ್ರೆ 0.01. ಮೂರು ಹೊಂದಿದ್ರೆ 0.001. ಹೀಗೆ. ಎರಡು ಕೋಡ್ ಪೂರ್ತಿ ಒಂದೇ ಆದ್ರೆ ಸೊನ್ನೆ.

ಮಾಮೂಲಿ ದೂರಕ್ಕೆ ಒಂದು ನಿಯಮ ಇದೆ: ಅ ಇಂದ ಆ, ಆ ಇಂದ ಇ ಹೋದ್ರೆ, ಒಟ್ಟು ದೂರ ಎರಡರ ಮೊತ್ತ ಮೀರಲ್ಲ. ಅಲ್ಟ್ರಾಮೆಟ್ರಿಕ್‌ನಲ್ಲಿ ನಿಯಮ ಇನ್ನೂ ಬಿಗಿ: ಎರಡರಲ್ಲಿ ಯಾವುದು ದೊಡ್ಡದೋ ಅದನ್ನೂ ಮೀರಲ್ಲ. ಮೊತ್ತದ ಜಾಗದಲ್ಲಿ ದೊಡ್ಡದು. ಇಡೀ ಕಥೆ ಇಷ್ಟೇ. ಕೋಡ್‌ನಲ್ಲಿ ಇದು ಯಾಕೆ ನಿಜ? ಅ-ಆ ನಡುವೆ ಮೂರು ಅಕ್ಷರ ಹೊಂದುತ್ತೆ, ಆ-ಇ ನಡುವೆಯೂ ಮೂರು ಹೊಂದುತ್ತೆ ಅಂದ್ರೆ, ಅ-ಇ ನಡುವೆ ಮೂರಾದ್ರೂ ಹೊಂದಲೇಬೇಕು.

ಇದರಿಂದ ಏನೇನಾಗುತ್ತೆ ನೋಡಿ. ಮೊದಲನೆಯದು, ಎಲ್ಲಾ ತ್ರಿಕೋನದಲ್ಲೂ ಉದ್ದದ ಎರಡು ಬದಿ ಸಮ. ರಾಜಾಜಿನಗರ, ಚನ್ನಪಟ್ಟಣ, ಮಲ್ಲೇಶ್ವರ ತಗೊಳ್ಳಿ. ರಾಜಾಜಿನಗರ-ಚನ್ನಪಟ್ಟಣ 0.001. ಮಲ್ಲೇಶ್ವರದಿಂದ ರಾಜಾಜಿನಗರ 0.01, ಮಲ್ಲೇಶ್ವರದಿಂದ ಚನ್ನಪಟ್ಟಣವೂ 0.01. ಹೊರಗಿನವರಿಗೆ ಒಳಗಿರೋರೆಲ್ಲ ಸಮಾನ ದೂರ.

ಎರಡನೆಯದು, ಇಲ್ಲಿ ಕೇಂದ್ರ ಅನ್ನೋದಕ್ಕೆ ಅರ್ಥ ಇಲ್ಲ. ರಾಜಾಜಿನಗರದಿಂದ 0.001 ದೂರದೊಳಗೆ ಇರೋರ ಪಟ್ಟಿ ಮಾಡಿ, 4ಪಿಜೆ ಪೂರ್ತಿ ಬರುತ್ತೆ. ಕುಣಿಗಲ್‌ನಿಂದ ಮಾಡಿ, ಅದೇ ಪಟ್ಟಿ. ಒಳಗಿರೋ ಯಾರನ್ನು ಬೇಕಾದ್ರೂ ಕೇಂದ್ರ ಅನ್ನಿ.

ಮೂರನೆಯದು ನನಗೆ ತುಂಬಾ ಇಷ್ಟ. ಹನಿ ಹನಿ ಕೂಡಿದ್ರೆ ಹಳ್ಳ ಅಂತ ನಮ್ಮ ಗಾದೆ. ಅಲ್ಟ್ರಾಮೆಟ್ರಿಕ್ ಲೋಕದಲ್ಲಿ ಈ ಗಾದೆ ನಡೆಯಲ್ಲ. ಪ್ರತಿ ಹೆಜ್ಜೆಯೂ 0.001 ಒಳಗೆ ಇದ್ರೆ, ಕೋಟಿ ಹೆಜ್ಜೆ ಹಾಕಿದ್ರೂ ನೀವು ಹೊರಟ ಜಾಗದಿಂದ 0.001ಕ್ಕಿಂತ ದೂರ ಹೋಗಲ್ಲ. 4ಪಿಜೆ ಬಿಟ್ಟು ಆಚೆ ಬರಲ್ಲ. ಬರಬೇಕು ಅಂದ್ರೆ ಒಂದೇ ಹೆಜ್ಜೆಯಲ್ಲಿ 0.01 ಜಿಗಿಯಬೇಕು. ನೆಲದ ಮೇಲೆ ಆ ಜಿಗಿತ ಶ್ರೀರಾಮಪುರದ ಹತ್ತಿರ ರಸ್ತೆ ದಾಟಿದ ಹಾಗೆ ಇರುತ್ತೆ. ಕೋಡ್‌ನಲ್ಲಿ ಮಾತ್ರ ಅದು ವೆಲ್ಲೂರಿಗೆ ಹೋದಷ್ಟು.

ಪೂರ್ಣ ಅಂದ್ರೆ ಏನು

ಇಲ್ಲಿ ಯಾರಾದ್ರೂ ಕೇಳ್ತಾರೆ: ಹತ್ತು ಅಕ್ಷರ ಸಾಲದು ಅಷ್ಟೇ ತಾನೆ? ಇಪ್ಪತ್ತು ಮಾಡಿ, ನೂರು ಮಾಡಿ, ಕೊನೆಯೇ ಇಲ್ಲದ ಹಾಗೆ ಮಾಡಿ. ಆಗ ಸರಿಹೋಗಲ್ವಾ?

ಇದು ಒಳ್ಳೆ ಪ್ರಶ್ನೆ. ಉತ್ತರಕ್ಕೆ ಗಣಿತದ ಇನ್ನೊಂದು ಪದ ಬೇಕು: ಪೂರ್ಣ, ಅಂದ್ರೆ ಕಂಪ್ಲೀಟ್. ಒಂದು ಲೋಕದಲ್ಲಿ ಬಿಂದುಗಳು ಒಂದಕ್ಕೊಂದು ಹತ್ತಿರ ಹತ್ತಿರ ಹೋಗ್ತಾ ಇದ್ದಾಗ, ಅವು ತಲುಪಬೇಕಾದ ಜಾಗದಲ್ಲಿ ನಿಜವಾಗಿಯೂ ಒಂದು ಬಿಂದು ಇದ್ರೆ ಆ ಲೋಕ ಪೂರ್ಣ. ತೂತಿಲ್ಲ ಅಂತ ಅರ್ಥ.

ಮಾಮೂಲಿ ಸಂಖ್ಯೆಗಳಲ್ಲಿ ಮೊದಲು ನೋಡೋಣ. ಬೆಂಗಳೂರಿನ ಫೇಮಸ್ 30×40 ಸೈಟ್‌ನ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. ಆದ್ರೆ 20×30 ಸೈಟ್‌ಗೆ ಅಳತೆ ಹಾಕಿ: 36.0555 ಅಂತ ಶುರುವಾಗಿ ಮುಗಿಯೋದೇ ಇಲ್ಲ. ಅದು 1300ರ ವರ್ಗಮೂಲ. ಯಾವ ಭಿನ್ನರಾಶಿಗೂ ಸಮ ಆಗಲ್ಲ. ಭಿನ್ನರಾಶಿಗಳು ಮಾತ್ರ ಇರೋ ಗೆರೆಯಲ್ಲಿ 36, 36.05, 36.055 ಅಂತ ಹತ್ತಿರ ಹೋಗ್ತಾ ಹೋದ್ರೆ ಕೊನೆಗೆ ಸಿಗೋದು ಒಂದು ತೂತು. ಆ ತೂತು ತುಂಬಿದಾಗ ಹೊಸ ಬಿಂದು ಬಂತು. ಜೊತೆಗೆ ಸೊನ್ನೆಯಿಂದ ಆ ಬಿಂದುವಿಗೆ ಇರೋ ದೂರ, ಅದೂ ಹೊಸದು. ಮೊದಲು ಪಟ್ಟಿಯಲ್ಲಿ ಇರಲೇ ಇಲ್ಲ.

ಈಗ ಕೊನೆಯಿಲ್ಲದ ಡಿಜಿಪಿನ್ ಕಲ್ಪಿಸಿಕೊಳ್ಳಿ. ಮೊದಲು ಸರಳ ವಿಳಾಸಗಳು ಮಾತ್ರ ಇರಲಿ: ಒಂದಷ್ಟು ಅಕ್ಷರ ಆದ್ಮೇಲೆ ಬರೀ 2, 2, 2 ಅಂತ ಮುಂದುವರಿಯೋವು. ಇಲ್ಲಿ ತೂತುಗಳಿವೆ. 4ಪಿಜೆ4ಪಿಜೆ4ಪಿಜೆ ಅಂತ ಕೊನೆಯಿಲ್ಲದೆ ಹೋಗೋ ವಿಳಾಸಕ್ಕೆ ಎಷ್ಟು ಹತ್ತಿರ ಬೇಕಾದ್ರೂ ಹೋಗಬಹುದು, ತಲುಪೋಕಾಗಲ್ಲ. ಸರಿ, ಎಲ್ಲಾ ತೂತು ತುಂಬಿ. ಯಾವ ಕ್ರಮದಲ್ಲಾದ್ರೂ ಹೋಗೋ ಎಲ್ಲಾ ಅನಂತ ವಿಳಾಸಗಳೂ ಬರಲಿ. ಈಗ ನಮ್ಮ ಲೋಕ ಪೂರ್ಣ. ಮೊದಲಿದ್ದ ವಿಳಾಸಗಳನ್ನ ಒಂದು, ಎರಡು, ಮೂರು ಅಂತ ಪಟ್ಟಿ ಮಾಡಬಹುದಿತ್ತು. ಈಗಿನವನ್ನ ಹಾಗೆ ಪಟ್ಟಿ ಮಾಡೋಕೂ ಆಗಲ್ಲ, ಅಷ್ಟು ಬಿಂದುಗಳು ಹೊಸದಾಗಿ ಸೇರಿಕೊಂಡ್ವು.

ಹೊಸ ದೂರ ಎಷ್ಟು ಬಂತು? ಒಂದೂ ಇಲ್ಲ.

ಯಾಕೆ ಅಂತ ನೋಡಿ. ಎರಡು ಹೊಸ ವಿಳಾಸ ತಗೊಳ್ಳಿ. ಬೇರೆ ಬೇರೆ ಅಂದ್ಮೇಲೆ ಎಲ್ಲೋ ಒಂದು ಕಡೆ ಮೊದಲ ಸಲ ಬೇರೆ ಆಗಲೇಬೇಕು, ಏಳನೇ ಅಕ್ಷರದಲ್ಲಿ ಅಂತಿಟ್ಕೊಳ್ಳಿ. ಎರಡನ್ನೂ ಏಳನೇ ಅಕ್ಷರಕ್ಕೆ ಕತ್ತರಿಸಿ, ಮುಂದೆ ಬರೀ 2 ತುಂಬಿ. ಸಿಕ್ಕಿದ್ದು ಎರಡು ಹಳೇ ವಿಳಾಸ. ಅವೂ ಏಳನೇ ಅಕ್ಷರದಲ್ಲೇ ಬೇರೆ ಆಗುತ್ವೆ. ಅಂದ್ರೆ ಆ ದೂರ ಮೊದಲೇ ಪಟ್ಟಿಯಲ್ಲಿತ್ತು. ಇದು ಡಿಜಿಪಿನ್‌ಗೆ ಮಾತ್ರ ಅಲ್ಲ, ಯಾವ ಅಲ್ಟ್ರಾಮೆಟ್ರಿಕ್ ಲೋಕದಲ್ಲೂ ನಿಜ. ತೂತು ತುಂಬಿದ್ರೆ ಬಿಂದುಗಳು ಹೆಚ್ಚುತ್ವೆ, ದೂರಗಳು ಹೆಚ್ಚಲ್ಲ.

ಈಗ ಆ ಪ್ರಶ್ನೆಗೆ ಉತ್ತರ. ಹತ್ತು ಅಕ್ಷರ ಇಪ್ಪತ್ತಾದ್ರೆ ಒಂದೇ ಚೌಕದೊಳಗಿನ ಜಾಗಗಳಿಗೆ ಇನ್ನೂ ಚಿಕ್ಕ ಚಿಕ್ಕ ದೂರ ಸಿಗುತ್ತೆ, ನಿಜ. ಆದ್ರೆ ರಾಜಾಜಿನಗರ-ಮಲ್ಲೇಶ್ವರ 0.01 ಆಗಿದ್ದು ಮೂರನೇ ಅಕ್ಷರದಲ್ಲೇ ತೀರ್ಮಾನ ಆಗಿಹೋಗಿದೆ. ಆಮೇಲೆ ಎಷ್ಟು ಅಕ್ಷರ ಸೇರಿಸಿದ್ರೂ, ಅನಂತದವರೆಗೆ ಹೋದ್ರೂ, ಅದು ಒಂದು ಕೂದಲೆಳೆಯಷ್ಟೂ ಬದಲಾಗಲ್ಲ. ನಿಖರತೆ ಹೆಚ್ಚಿಸಿದ್ರೆ ನೆರೆಹೊರೆ ಸರಿಹೋಗಲ್ಲ.

ಯಾವ ದೂರಗಳು ಸಾಧ್ಯ? ಮೆಜೆಸ್ಟಿಕ್‌ನಲ್ಲಿ ಉತ್ತರ

ನಮ್ಮ ಪಟ್ಟಿಯಲ್ಲಿ ಇರೋದು 0, 1, 0.1, 0.01, 0.001 ಇಂಥವು ಅಷ್ಟೇ. 0.5 ಇಲ್ಲ, 0.03 ಇಲ್ಲ. ಬೇರೆ ಪಟ್ಟಿ ಬೇಕು ಅಂದ್ರೆ? 0, 7, 13, 99 ಮಾತ್ರ ಇರೋ ಲೋಕ ಮಾಡಬಹುದಾ?

ಮಾಡಬಹುದು. ಸೊನ್ನೆ ಸೇರಿರೋ, ಋಣ ಸಂಖ್ಯೆ ಇಲ್ಲದ ಯಾವ ಪಟ್ಟಿ ಬೇಕಾದ್ರೂ ಕೊಡಿ, ಅಷ್ಟೇ ದೂರಗಳಿರೋ ಒಂದು ಪೂರ್ಣ ಅಲ್ಟ್ರಾಮೆಟ್ರಿಕ್ ಲೋಕ ಕಟ್ಟಬಹುದು. ಕಟ್ಟೋ ವಿಧಾನ ನಮ್ಮ ಮೆಟ್ರೋದಲ್ಲೇ ಇದೆ.

ವಿಜಯನಗರ, ಕೆಂಗೇರಿ ನೇರಳೆ ಮಾರ್ಗ. ರಾಜಾಜಿನಗರ ಹಸಿರು ಮಾರ್ಗ. ಎರಡೂ ಕೂಡೋದು ಮೆಜೆಸ್ಟಿಕ್‌ನ ಕೆಂಪೇಗೌಡ ನಿಲ್ದಾಣದಲ್ಲಿ. ಸ್ನೇಹಿತರ ಗುಂಪಿನಲ್ಲಿ ಯಾರು ಯಾರನ್ನ ಭೇಟಿ ಆಗ್ಬೇಕಾದ್ರೂ ಮೆಜೆಸ್ಟಿಕ್‌ಗೇ ಬರಬೇಕು ಅಂತ ನಿಯಮ ಇಟ್ಕೊಳ್ಳಿ. ಲೆಕ್ಕಕ್ಕೆ ಅಂತ: ರಾಜಾಜಿನಗರದವರಿಗೆ 15 ನಿಮಿಷ, ವಿಜಯನಗರದವರಿಗೆ 20, ಕೆಂಗೇರಿಯವರಿಗೆ 40. ಒಬ್ಬರು ಮೆಜೆಸ್ಟಿಕ್‌ನಲ್ಲೇ ನಿಂತಿದ್ದಾರೆ, ಅವರಿಗೆ 0. ಎಲ್ಲರೂ ಒಟ್ಟಿಗೆ ಹೊರಟರು. ಇಬ್ಬರ ಭೇಟಿ ಯಾವಾಗ? ತಡವಾಗಿ ಬರೋರು ಬಂದಾಗ. ಅಂದ್ರೆ ಇಬ್ಬರ ಸಂಖ್ಯೆಯಲ್ಲಿ ದೊಡ್ಡದು. ರಾಜಾಜಿನಗರ-ವಿಜಯನಗರ 20. ರಾಜಾಜಿನಗರ-ಕೆಂಗೇರಿ 40. ವಿಜಯನಗರ-ಕೆಂಗೇರಿಯೂ 40. ಉದ್ದದ ಎರಡು ಬದಿ ಮತ್ತೆ ಸಮ! ಭೇಟಿಗೆ ಬೇಕಾದ ಸಮಯವನ್ನೇ ದೂರ ಅಂದ್ರೆ ಇದು ಅಲ್ಟ್ರಾಮೆಟ್ರಿಕ್.

ಈಗ ನಿಮ್ಮ ಪಟ್ಟಿಯ ಒಂದೊಂದು ಸಂಖ್ಯೆಗೂ ಒಬ್ಬೊಬ್ಬ ಸ್ನೇಹಿತರನ್ನ ಇಡಿ. ದೂರಗಳೆಲ್ಲ ಪಟ್ಟಿಯೊಳಗೇ ಇರುತ್ವೆ, ಯಾಕಂದ್ರೆ ದೊಡ್ಡದನ್ನ ಆರಿಸಿದ್ರೆ ಹೊಸ ಸಂಖ್ಯೆ ಹುಟ್ಟಲ್ಲ. ಪಟ್ಟಿಯ ಪ್ರತಿ ಸಂಖ್ಯೆಯೂ ಸಿಗುತ್ತೆ: ಮೆಜೆಸ್ಟಿಕ್‌ನಲ್ಲಿ ನಿಂತವರಿಂದ ಅಳೆದ್ರೆ ಸಾಕು. ಪೂರ್ಣವೂ ಹೌದು. ಒಬ್ಬರಾದ್ಮೇಲೆ ಒಬ್ಬರು ಬೇರೆ ಬೇರೆಯವರು ಬರ್ತಾ, ಅವರ ನಡುವಿನ ದೂರ ಸೊನ್ನೆ ಕಡೆ ಇಳೀತಾ ಇದ್ರೆ, ಅವರ ನಿಮಿಷಗಳೇ ಸೊನ್ನೆ ಕಡೆ ಇಳೀತಿವೆ. ಅಂದ್ರೆ ಎಲ್ಲರೂ ಮೆಜೆಸ್ಟಿಕ್‌ಗೆ ಹತ್ತಿರ ಆಗ್ತಿದ್ದಾರೆ. ಅಲ್ಲಿ ಆಗಲೇ ಒಬ್ಬರು ಇದ್ದಾರೆ. ತೂತಿಲ್ಲ.

ಒಂದು ಮಿತಿ ಮಾತ್ರ ಇದೆ. ಡಿಜಿಪಿನ್ ಥರ, ಒಂದು ಎರಡು ಮೂರು ಅಂತ ಪಟ್ಟಿ ಮಾಡಬಹುದಾದ ವಿಳಾಸಗಳಿಂದ ಶುರು ಮಾಡಿ ತೂತು ತುಂಬಿದ್ರೆ, ದೂರಗಳನ್ನೂ ಹಾಗೇ ಪಟ್ಟಿ ಮಾಡಬಹುದು. 0ರಿಂದ 1ರವರೆಗಿನ ಎಲ್ಲಾ ಸಂಖ್ಯೆಗಳೂ ದೂರಗಳಾಗಿ ಬರೋಕೆ ಆಗಲ್ಲ.

ಇದೆಲ್ಲ ಹೊಸದೇನಲ್ಲ. ಜರ್ಮನಿಯ ಕುರ್ಟ್ ಹೆನ್ಸೆಲ್ 1897ರಲ್ಲಿ ಪಿ-ಆಡಿಕ್ ಸಂಖ್ಯೆಗಳನ್ನ ಪರಿಚಯಿಸಿದ್ರು. ಅಲ್ಲೂ ದೂರ ಹೀಗೇ: ಎರಡು ಸಂಖ್ಯೆಗಳ ವ್ಯತ್ಯಾಸವನ್ನ 5, 25, 125 ಹೀಗೆ ಎಷ್ಟು ದೊಡ್ಡ ಘಾತ ಭಾಗಿಸುತ್ತೋ ಅವು ಅಷ್ಟು ಹತ್ತಿರ. ಅಲ್ಟ್ರಾಮೆಟ್ರಿಕ್ ಅನ್ನೋ ಹೆಸರು ಕೊಟ್ಟಿದ್ದು ಮಾರ್ಕ್ ಕ್ರಾಸ್ನರ್, 1944ರಲ್ಲಿ.

ಮರ ಎಲ್ಲಿ ನಿಜ, ಎಲ್ಲಿ ಅಲ್ಲ

ಹಾಗಂತ ಮರದ ದೂರ ಸುಳ್ಳು ಅಂತಲ್ಲ. ನಿಜವಾಗಿಯೂ ಕವಲೊಡೆದು ಬಂದಿರೋ ವಿಷಯಕ್ಕೆ ಅದೇ ಸರಿಯಾದ ಅಳತೆ. ಭಾಷೆಗಳನ್ನ ನೋಡಿ. ಭದ್ರಿರಾಜು ಕೃಷ್ಣಮೂರ್ತಿ ಅವರು ದ್ರಾವಿಡ ಭಾಷೆಗಳ ಬಗ್ಗೆ 2003ರಲ್ಲಿ ತಂದ ಪುಸ್ತಕದಲ್ಲಿ ಕನ್ನಡ, ತಮಿಳು, ಮಲಯಾಳಂ, ತುಳು, ಕೊಡವ ಒಂದು ಕೊಂಬೆಯಲ್ಲಿವೆ. ತೆಲುಗು, ಗೊಂಡಿ ಇನ್ನೊಂದು ಕೊಂಬೆಯಲ್ಲಿ. ಲಿಪಿ ನೋಡಿದ್ರೆ ನಮಗೆ ತೆಲುಗು ಹತ್ತಿರ ಅನ್ಸುತ್ತೆ. ಆದ್ರೆ ಯಾವಾಗ ಬೇರೆ ಆದ್ವು ಅನ್ನೋದನ್ನ ದೂರ ಅಂದ್ರೆ, ಕನ್ನಡ-ತಮಿಳು ಹತ್ತಿರ. ತೆಲುಗಿನಿಂದ ಎರಡೂ ಸಮಾನ ದೂರ. ಇಲ್ಲಿ ಆ ತ್ರಿಕೋನ ಇತಿಹಾಸವನ್ನೇ ಹೇಳ್ತಿದೆ.

ಬೀದಿಗಳು ಹಾಗಲ್ಲ. ಅವು ಕವಲೊಡೆದು ಬೇರೆಯಾದವಲ್ಲ, ಒಂದಕ್ಕೊಂದು ಅಂಟಿಕೊಂಡಿರೋವು. ಅದರ ಮೇಲೆ ಮರ ಹೊದಿಸಿದಾಗ ಎಲ್ಲೋ ಒಂದು ಕಡೆ ಗೆರೆ ಬೀಳಲೇಬೇಕು, ಗೆರೆಯ ಆಚೀಚೆ ಯಾರೋ ಅಕ್ಕಪಕ್ಕದವರು ಇರಲೇಬೇಕು.

ಇದು ತಲೆ ಕೆಡಿಸ್ಕೋಬೇಕಾದ ವಿಷಯ ಯಾಕೆ ಅಂದ್ರೆ, ನಿಮ್ಮಲ್ಲಿ ಎಷ್ಟೋ ಜನ ಇಂಥ ಕೋಡ್ ಇಟ್ಕೊಂಡೇ ಕೆಲಸ ಮಾಡ್ತೀರ. ರಕ್ತದಾನಿಗಳ ಪಟ್ಟಿ ಎಕ್ಸೆಲ್ ಶೀಟಲ್ಲಿದೆ ಅಂದ್ಕೊಳ್ಳಿ. ರಾಜಾಜಿನಗರದಲ್ಲಿ ತುರ್ತಾಗಿ ರಕ್ತ ಬೇಕು. ಹತ್ತಿರದವರು ಸಿಗಲಿ ಅಂತ 4ಪಿಜೆ ಅಂತ ಫಿಲ್ಟರ್ ಹಾಕ್ತೀರ. ಚನ್ನಪಟ್ಟಣದವರು ಪಟ್ಟಿಯಲ್ಲಿ ಬರ್ತಾರೆ. ಹತ್ತು ನಿಮಿಷದಲ್ಲಿ ಬರಬಹುದಾಗಿದ್ದ ಮಲ್ಲೇಶ್ವರದವರು ಬರೋದೇ ಇಲ್ಲ. ಪಟ್ಟಿ ಖಾಲಿ ಏನೂ ಇಲ್ವಲ್ಲ, ಹಾಗಾಗಿ ತಪ್ಪಾಗಿದೆ ಅಂತ ಯಾರಿಗೂ ಗೊತ್ತಾಗೋದೂ ಇಲ್ಲ.

ಡಿಜಿಪಿನ್ ತಪ್ಪಲ್ಲ ಇದು. ಅದು ಜಾಗ ಹೇಳೋ ಕೋಡ್, ದೂರ ಹೇಳೋ ಕೋಡ್ ಅಲ್ಲ. ಜಾಗವನ್ನ ಅದು ಸರಿಯಾಗೇ ಹೇಳುತ್ತೆ. ಪರಿಹಾರವೂ ಸುಲಭ: ಕೋಡನ್ನ ವಾಪಸ್ ಅಕ್ಷಾಂಶ-ರೇಖಾಂಶ ಮಾಡಿ, ಕಿಲೋಮೀಟರ್ ಲೆಕ್ಕ ಹಾಕಿ. ಅದರ ಪ್ರೋಗ್ರಾಂ ಕೋಡನ್ನ ಅಂಚೆ ಇಲಾಖೆ ಸಾರ್ವಜನಿಕವಾಗೇ ಇಟ್ಟಿದೆ. ಇಲ್ಲಾಂದ್ರೆ ಹುಡುಕುವಾಗ ನಿಮ್ಮ ಚೌಕದ ಜೊತೆ ಸುತ್ತಲಿನ ಎಂಟು ಚೌಕಗಳನ್ನೂ ಸೇರಿಸ್ಕೊಂಡು, ಆಮೇಲೆ ನಿಜವಾದ ದೂರದ ಪ್ರಕಾರ ಜೋಡಿಸಿ.

ಈ ವಾರಕ್ಕೆ ಒಂದು ಕೆಲಸ. ಅಂಚೆ ಇಲಾಖೆಯ ಡಿಜಿಪಿನ್ ಪುಟದಲ್ಲಿ ನಿಮ್ಮ ಮನೆಯ ಕೋಡ್ ನೋಡಿ. ಆಮೇಲೆ ನಿಮ್ಮ ದಿನಸಿ ಅಂಗಡಿ, ಬಸ್ ಸ್ಟಾಪ್, ಪಕ್ಕದ ಬೀದಿಯ ಸ್ನೇಹಿತರ ಮನೆ, ಮೂರರದ್ದೂ ನೋಡಿ. ಎಷ್ಟು ಅಕ್ಷರ ಹೊಂದುತ್ತೆ ಎಣಿಸಿ. ನಾಲ್ಕಕ್ಕಿಂತ ಕಡಿಮೆ ಬಂದವರು ನಮಗೆ ಬರೆದು ಕಳಿಸಿ, ನೀವು ಒಂದು ದೊಡ್ಡ ಗೆರೆಯ ಪಕ್ಕದಲ್ಲೇ ಬದುಕ್ತಾ ಇದ್ದೀರ.